ಬನಶಂಕರಿಯ ಡೇರೆ, ಮುಂಬಯಿಯ ತಟ್ಟೆ

ಪುಷ್ಯ ಮಾಸದ ಹುಣ್ಣಿಮೆಗೆ ಬಾದಾಮಿ ಸೀಮೆಯಲ್ಲಿ ಬನದ ಹುಣ್ಣಿಮೆ ಎಂದು ಹೆಸರು. ಅಂದು ಚೊಳಚಗುಡ್ಡದಲ್ಲಿ ಬನಶಂಕರಿಯ ತೇರು. ತೇರು ಒಂದು ಸಂಜೆಯ ಮಾತು, ಜಾತ್ರೆ ವಾರಗಟ್ಟಲೆ. ಹರಿದ್ರಾತೀರ್ಥದ ಹೊಂಡ, ಅದರ ಮೂರು ಮಗ್ಗುಲಿನ ಕಲ್ಲಿನ ಮೊಗಸಾಲೆ, ದೀಪಸ್ತಂಭ ಇಷ್ಟನ್ನೂ ದಾಟಿ ಹೊರಗೆ ಬಂದರೆ ಕಟ್ಟಿಗೆಯ ಬಾಗಿಲು ಚೌಕಟ್ಟುಗಳ ಸಾಲು, ಬಳೆಯವರು, ಬೆಂಡು ಬತ್ತಾಸದವರು, ಅದರಾಚೆ ನಾಟಕ ಕಂಪನಿಗಳ ತಗಡಿನ ಡೇರೆಗಳು. ಒಂದೇ ಬಯಲಿನಲ್ಲಿ ಒಂದರ ಪಕ್ಕ ಒಂದು ಎಂಬಂತೆ ಇಷ್ಟು ಕಂಪನಿಗಳು ಒಟ್ಟಿಗೆ ಕ್ಯಾಂಪು ಹಾಕುವ ಜಾತ್ರೆ ಕನ್ನಡ ನಾಡಿನಲ್ಲಿ ಇನ್ನೊಂದು ಸಿಗುವುದು ಕಷ್ಟ. ಇಳಕಲ್ಲು, ಗುಳೇದಗುಡ್ಡದ ಕಡೆಯಿಂದ ನೇಕಾರರು ಬರುತ್ತಾರೆ. ಬನಶಂಕರಿ ದೇವಾಂಗದವರ ಕುಲದೇವತೆ. ಮಗ್ಗಕ್ಕೆ ಬಿಡುವು ಕೊಟ್ಟು ಬಂದ ಈ ಜನ, ಸುಗ್ಗಿಯ ಹಿಂದುಮುಂದಿನ ರೈತರು, ಇವರೆಲ್ಲ ರಾತ್ರಿಯ ಮೊದಲ ಆಟಕ್ಕೆ ಕೂತು ಬೆಳಗಿನ ಜಾವ ಮತ್ತೊಂದು ಡೇರೆಯಿಂದ ಏಳುತ್ತಾರೆ.

ಈ ಡೇರೆಗಳ ಚರಿತ್ರೆಯನ್ನು ನಾವು ರಂಗಭೂಮಿಯ ಪುಸ್ತಕಗಳಲ್ಲಿ ಓದುತ್ತೇವೆ. ಗ್ರಾಮಫೋನ್ ರಿಕಾರ್ಡಿನ, ಅಂದರೆ ತಟ್ಟೆಯ, ಚರಿತ್ರೆಯನ್ನು ಬೇರೆ ಕಪಾಟಿನಲ್ಲಿ ಇಟ್ಟಿದ್ದೇವೆ. ಅಲ್ಲಿ ಕಲ್ಕತ್ತೆ, ಮುಂಬಯಿ, ಎಚ್‌ಎಂವಿಯ ನಾಯಿ, ಹಿಂದಿ ಸಿನಿಮಾ ಇವೆ, ಬಾದಾಮಿ ಇಲ್ಲ. ಹೀಗೆ ಎರಡು ಕಪಾಟು ಮಾಡಿಕೊಂಡಿದ್ದರಿಂದ ಈ ನೆಲದಿಂದ ಹೊರಟು ಇಡೀ ಹಿಂದುಸ್ಥಾನದ ಕಿವಿಯನ್ನು ತುಂಬಿದ ಒಂದು ದನಿಯನ್ನು ಅರ್ಥ ಮಾಡಿಕೊಳ್ಳುವಾಗ ನಮಗೆ ತಪ್ಪಾಗಿದೆ. ಆ ದನಿ ಅಮೀರಬಾಯಿ ಕರ್ನಾಟಕಿಯವರದು. ಅವರನ್ನು ನಾವು ಮುಂಬಯಿಗೆ ಹೋಗಿ ಬೆಳೆದ ಗಾಯಕಿ ಎನ್ನುತ್ತೇವೆ, ಲತಾ ಮಂಗೇಶಕರ್ ಬಂದ ಮೇಲೆ ಮಸುಕಾದವರು ಎನ್ನುತ್ತೇವೆ. ಎರಡೂ ಅರ್ಧ ಸತ್ಯ. ಆ ದನಿ ಕಟ್ಟಿಕೊಂಡದ್ದು ಕಂಪನಿ ನಾಟಕದ ಲೋಕದಲ್ಲಿ, ಡೇರೆಯ ಕಡೆಯ ಸಾಲಿನವನಿಗಾಗಿ; ಮುಂಬಯಿಯ ತಟ್ಟೆ ಅದನ್ನು ಹಿಡಿದಿಟ್ಟಿತು, ಹುಟ್ಟಿಸಲಿಲ್ಲ. ಮುಂದೆ ಆ ದನಿ ಹಿಂದೆ ಸರಿದದ್ದೂ ಅದರಲ್ಲಿ ಕಸುವು ಕುಂದಿತೆಂದಲ್ಲ, ಅದು ಯಾವ ಜಾಗಕ್ಕಾಗಿ ಕಟ್ಟಲ್ಪಟ್ಟಿತ್ತೋ ಆ ಜಾಗವೇ ಕೇಳುವವರ ಕಿವಿಯಿಂದ ಮರೆಯಾಯಿತು. ಈ ಮಾತಿಗೆ ಇರುವ ಆಧಾರಗಳನ್ನೂ ಎದುರು ಬರುವ ಆಕ್ಷೇಪಗಳನ್ನೂ ಇಲ್ಲಿ ನೋಡಬೇಕು.

ಮೊದಲು ಬದುಕು. ಅಮೀರಬಾಯಿ 20ನೆಯ ಶತಮಾನದ ಆರಂಭದಲ್ಲಿ ಬೀಳಗಿಯಲ್ಲಿ ಹುಟ್ಟಿದರು. ಆಗ ಅದು ಮುಂಬಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆ. 1997ರಿಂದ ಬಾಗಲಕೋಟೆ ಜಿಲ್ಲೆ. ಹಾಡು, ನಾಟಕಗಳೇ ಅನ್ನವಾಗಿದ್ದ ಮುಸ್ಲಿಂ ಮನೆತನ, ಮನೆಮಾತು ಕನ್ನಡ. ಐವರು ಅಕ್ಕತಂಗಿಯರಲ್ಲಿ ಇಬ್ಬರು ಹೆಸರು ಮಾಡಿದರು. ಅಕ್ಕ ಗೋಹರಬಾಯಿ ಬಾಲಗಂಧರ್ವರ ಹಾಡುಗಾರಿಕೆಯನ್ನು ಮೈಗೂಡಿಸಿಕೊಂಡು, 1930ರ ದಶಕದ ಕೊನೆಯಲ್ಲಿ ಅವರ ಗಂಧರ್ವ ನಾಟಕ ಮಂಡಳಿಯನ್ನೇ ಸೇರಿದರು. ಗಂಡಸರೇ ಹೆಣ್ಣು ವೇಷ ಹಾಕಿ ಮೆರೆದ ಮರಾಠಿ ರಂಗಭೂಮಿಯಲ್ಲಿ, ಆ ವೇಷಕ್ಕೇ ದೇವರಂತಿದ್ದ ಬಾಲಗಂಧರ್ವರ ಜೊತೆಗೆ ಬೀಳಗಿಯ ಕನ್ನಡತಿಯೊಬ್ಬಳು ನಾಯಕಿಯಾಗಿ ನಿಂತದ್ದು ಸಣ್ಣ ಸಂಗತಿಯಲ್ಲ. ಅದಕ್ಕಾಗಿ ಗೋಹರಬಾಯಿ ಕೇಳಬಾರದ ಮಾತುಗಳನ್ನೂ ಕೇಳಿಸಿಕೊಂಡರು. ಮುಂಬಯಿಯ ದಾರಿಯನ್ನು ತಂಗಿಗೆ ತೋರಿಸಿದವರು ಅವರೇ. ಅಮೀರಬಾಯಿ 1934ರ ‘ವಿಷ್ಣುಭಕ್ತಿ’ಯಿಂದ ಸಿನಿಮಾಕ್ಕೆ ಬಂದರು. ಒಂಬತ್ತು ವರ್ಷ ಸಣ್ಣಪುಟ್ಟ ಪಾತ್ರ, ನಡುನಡುವೆ ಹಾಡು. 1940ರ ‘ನರಸಿ ಭಗತ್’ದಲ್ಲಿ ಹಾಡಿದ ‘ವೈಷ್ಣವ ಜನತೋ’ ಗಾಂಧೀಜಿಯವರಿಗೆ ಬಹಳ ಪ್ರಿಯವಾಗಿತ್ತು ಎನ್ನುತ್ತಾರೆ. 1943ರಲ್ಲಿ ಬಾಂಬೆ ಟಾಕೀಜಿನ ‘ಕಿಸ್ಮತ್’ ಬಂತು, ಅಲ್ಲಿಂದ ನಾಲ್ಕೈದು ವರ್ಷ ಅಮೀರಬಾಯಿ ಹಾಡದ ಮನೆ ಇರಲಿಲ್ಲ. ‘ರತನ್’ (1944), ಗುಜರಾತಿಯ ‘ರಾಣಕದೇವಿ’ (1946), ‘ಶಹನಾಯಿ’ (1947). 1948ರಲ್ಲಿ ‘ಶಹನಾಜ್’ ಎಂಬ ಚಿತ್ರಕ್ಕೆ ತಾವೇ ಸಂಗೀತ ಕೂಡಿಸಿದರು. ಹೆಣ್ಣು ಸಂಗೀತ ನಿರ್ದೇಶಕಿಯರು ಬೆರಳೆಣಿಕೆಗೂ ಸಿಗದ ಕಾಲ ಅದು. ಆಮೇಲೆ ಹಾಡು ಕಡಿಮೆಯಾಗಿ ಮತ್ತೆ ಪಾತ್ರಗಳತ್ತ ತಿರುಗಿದರು. 1965ರ ಮಾರ್ಚ್‌ನಲ್ಲಿ ತೀರಿಕೊಂಡರು, ಮಣ್ಣಾದದ್ದು ಬಿಜಾಪುರದಲ್ಲಿ. ರಹಮತ್ ತರೀಕೆರೆಯವರು ಅವರ ಮೇಲೆ ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದು ಈ ಮರೆವಿಗೆ ದೊಡ್ಡ ತಡೆ ಒಡ್ಡಿದ್ದಾರೆ.

ಇನ್ನು ಡೇರೆ. ಮೈಕು ಬರುವ ಮುಂಚಿನ ಕಂಪನಿ ನಾಟಕದಲ್ಲಿ ಹಾಡುವುದೆಂದರೆ ಏನು ಎಂಬುದನ್ನು ಬಿಡಿಸಿ ನೋಡಬೇಕು, ಏಕೆಂದರೆ ವಾದದ ಗಂಟು ಇರುವುದು ಇಲ್ಲೇ. ಮೇಲೆ ತಾಡಪತ್ರಿ, ಸುತ್ತ ತಗಡು. ತಗಡು ದನಿಯನ್ನು ಚೂರು ಚೂರಾಗಿ ಎದುರಿಗೆ ಎಸೆಯುತ್ತದೆ, ತಾಡಪತ್ರಿ ಹೀರುತ್ತದೆ. ಹೊರಗೆ ಜಾತ್ರೆಯ ಗದ್ದಲ, ಪಕ್ಕದ ಡೇರೆಯ ಇನ್ನೊಂದು ನಾಟಕ. ಮುಂದೆ ಕುರ್ಚಿ, ಹಿಂದೆ ಬೆಂಚು, ಅದರ ಹಿಂದೆ ನೆಲ. ನೆಲದವನು ಕೊಟ್ಟದ್ದು ಕಡಿಮೆ ದುಡ್ಡು, ಆದರೆ ಕಂಪನಿ ಉಳಿಯುವುದು ಅವನಿಂದ. ರಂಗದ ಮುಂದಿನ ತಗ್ಗಿನಲ್ಲಿ ಪೇಟಿ ಮಾಸ್ತರ ಕಾಲು ಹಾರ್ಮೋನಿಯಂ ಒತ್ತುತ್ತಾನೆ, ಪಕ್ಕದಲ್ಲಿ ತಬಲಾ. ಪೇಟಿಯ ಎತ್ತರದ ಸ್ವರಕ್ಕೆ ಕೊರಳು ಏರಬೇಕು, ಪೇಟಿಯ ಕಟ್ಟಾದ ಸ್ವರದ ಮೇಲೆ ನಿಲ್ಲಬೇಕು. ಹಾಡು ಸಂಗೀತಕ್ಕಾಗಿ ಬಂದದ್ದಲ್ಲ, ಕಥೆಯನ್ನು ಮುಂದೆ ದಾಟಿಸಲು ಬಂದದ್ದು. ಹಾಗಾಗಿ ಮಾತು ತಿಳಿಯದಿದ್ದರೆ ಹಾಡು ಸತ್ತಿತು. ನಟಿ ಕಲಿಯುವ ಮೊದಲ ಪಾಠವೇ ಪದದ ಕೊನೆಯ ಅಕ್ಷರವನ್ನು ನುಂಗಬಾರದು ಎನ್ನುವುದು. ಎರಡನೆಯದು, ಅಳುವ ಹಾಡಿನಲ್ಲೂ ದನಿ ಇಳಿಸದೆ ಅಳುವುದು. ಪಿಸುಮಾತನ್ನೂ ಐದುನೂರು ಜನಕ್ಕೆ ಕೇಳಿಸುವಂತೆ ಆಡುವುದು ಕಂಪನಿ ರಂಗಭೂಮಿಯ ದೊಡ್ಡ ಕುಶಲತೆ. ಅದನ್ನು ಕೂಗಾಟ ಎಂದು ತಳ್ಳಿಹಾಕುವವರು ಆ ದನಿ ನಡೆದ ದೂರವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಈ ಲೋಕ ಬಡವಾದ ಲೋಕವಾಗಿರಲಿಲ್ಲ ಎನ್ನುವುದನ್ನೂ ಹೇಳಲೇಬೇಕು. ಶಿರಹಟ್ಟಿ, ಕೊಣ್ಣೂರು, ಗದಗಿನ ಗರೂಡ ಸದಾಶಿವರಾಯರ ಕಂಪನಿ ಇವು ಊರೂರು ಸುತ್ತಿದವು. ಇಳಕಲ್ಲಿನ ಸಮೀಪದ ಕಂದಗಲ್ಲಿನ ಹನುಮಂತರಾಯರು ‘ರಕ್ತರಾತ್ರಿ’, ‘ಕುರುಕ್ಷೇತ್ರ’ದಂಥ ನಾಟಕ ಬರೆದು ಮಹಾಭಾರತವನ್ನು ಈ ಸೀಮೆಯ ಒಕ್ಕಲಿಗನ ನಾಲಿಗೆಯ ಮೇಲೆ ಕೂರಿಸಿದರು. ಶಾಸ್ತ್ರೀಯ ಸಂಗೀತ ಇಲ್ಲಿಂದ ಬಹಳ ದೂರವೂ ಇರಲಿಲ್ಲ. ಚೊಳಚಗುಡ್ಡದಿಂದ ಕೆಲವೇ ಮೈಲಿಯಾಚೆ, ಮಲಪ್ರಭೆಯ ದಂಡೆಯ ಮೇಲೆ, ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ ಶಿವಯೋಗಮಂದಿರವಿದೆ. ಮಿರಜಿನ ನೀಲಕಂಠಬುವಾ ಪಂಚಾಕ್ಷರ ಗವಾಯಿಗಳಿಗೆ ಹಿಂದುಸ್ಥಾನಿ ಕಲಿಸಿದ್ದು ಅಲ್ಲೇ. ಅದೇ ನೀಲಕಂಠಬುವಾ ಮುಂದೆ ಮಲ್ಲಿಕಾರ್ಜುನ ಮನ್ಸೂರರಿಗೂ ಗುರುವಾದರು, ಮನ್ಸೂರರಾದರೋ ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಪಂಚಾಕ್ಷರ ಗವಾಯಿಗಳು ಸ್ವತಃ ನಾಟಕ ಕಂಪನಿ ಕಟ್ಟಿ ನಡೆಸಿದರು. ಹಿಂದುಸ್ಥಾನಿ ಗಾಯಕ ಸವಾಯಿ ಗಂಧರ್ವರು ತಮ್ಮ ಆ ಬಿರುದನ್ನು ಪಡೆದದ್ದೇ ರಂಗದ ಮೇಲೆ. ಬೈಠಕ್ಕು ಮತ್ತು ಡೇರೆ ಎಂಬ ಎರಡು ಲೋಕಗಳ ನಡುವೆ ಇವರೆಲ್ಲ ದಿನದಿನವೂ ಓಡಾಡಿಕೊಂಡಿದ್ದರು. ನಡುವೆ ಗೋಡೆ ಎಬ್ಬಿಸಿದವರು ಆಮೇಲಿನವರು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ತಕ್ಕುದಲ್ಲವೆಂದು ಹೊರಗಿಟ್ಟಿತು, ಮೂರು ದಶಕ ಆ ನಿಷೇಧ ನಡೆಯಿತು. ಪೇಟಿಗೆ ಬಾಗಿಲು ಮುಚ್ಚಿದ ಆ ಕಾಲದಲ್ಲಿ ಪೇಟಿಯ ಮಗ್ಗುಲಲ್ಲಿ ಬೆಳೆದ ಕೊರಳುಗಳಿಗೂ ಮರ್ಯಾದೆ ಸ್ವಲ್ಪ ಕಡಿಮೆಯಾಯಿತು ಎಂದೇ ನನ್ನ ಎಣಿಕೆ.

ತಟ್ಟೆಯ ಕಥೆ ಬೇರೆ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಮುಂತಾದವರ ದನಿ ಹಿಡಿದುಕೊಂಡು ಹೋದ. ಹಾಡುವವರು ಒಂದು ದೊಡ್ಡ ಕೊಂಬಿನೊಳಗೆ ಬಾಯಿ ಇಟ್ಟು ಹಾಡಬೇಕು, ದನಿಯ ಕಸುವೇ ಮುಳ್ಳನ್ನು ಅಲುಗಿಸಿ ಮೇಣದ ಮೇಲೆ ಗೀರು ಎಳೆಯಬೇಕು. 1925ರ ಸುಮಾರಿಗೆ ಮೈಕು ಬಂದ ಮೇಲೆ ಆ ಕಷ್ಟ ತಪ್ಪಿತು. ತಟ್ಟೆ ಮಾತ್ರ ಅದೇ: ಅರಗು, ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಒತ್ತಿದ್ದು, ನಿಮಿಷಕ್ಕೆ 78 ಸುತ್ತು, ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು ಮೂರೂಕಾಲು ನಿಮಿಷ. ಕೈಜಾರಿದರೆ ಒಡೆಯುತ್ತದೆ, ನೂರು ಸಲ ಹಾಕಿದರೆ ಸವೆಯುತ್ತದೆ. ಹಂಗೇರಿಯ ಪಿಯಾನೋ ವಾದಕ, ಸಂಗೀತ ರಚನೆಕಾರ ಬೇಲಾ ಬಾರ್ತೋಕ್ 1906ರಿಂದ ಫೋನೋಗ್ರಾಫ್ ಹೊತ್ತು ತನ್ನ ನಾಡಿನ ಹಳ್ಳಿ ಹಳ್ಳಿ ತಿರುಗಿ, ಒಕ್ಕಲು ಮಕ್ಕಳ ಹಾಡನ್ನು ಮೇಣದ ಉರುಳೆಗಳ ಮೇಲೆ ಹಿಡಿದ. ಅಲ್ಲಿ ಯಂತ್ರ ಹಳ್ಳಿಗೆ ನಡೆದು ಬಂತು. ನಮ್ಮಲ್ಲಿ ಯಂತ್ರವನ್ನು ಹೊತ್ತು ತಂದದ್ದು ವ್ಯಾಪಾರ, ಹಾಗಾಗಿ ದನಿಯೇ ಯಂತ್ರವಿದ್ದಲ್ಲಿಗೆ ಹೋಗಬೇಕಾಯಿತು. ಅದಕ್ಕೆ ದಾರಿಯೂ ಇತ್ತು. 1884ರಲ್ಲಿ ಹೋಟಗಿ–ಗದಗ ರೈಲುದಾರಿ ಬಿಜಾಪುರ, ಬಾಗಲಕೋಟೆ, ಬಾದಾಮಿಗಳನ್ನು ಕೂಡಿಸಿತ್ತು. ಹೋಟಗಿಗೆ ಮುಟ್ಟಿದರೆ ಸೊಲ್ಲಾಪುರ, ಪುಣೆ, ಮುಂಬಯಿ. ಆಡಳಿತವೂ ಮುಂಬಯಿಯದೇ. ಈ ಸೀಮೆಯ ಹಾಡುಗಾರ್ತಿಗೆ ಮೈಸೂರಿಗಿಂತ ಮುಂಬಯಿ ಹತ್ತಿರವಾಗಿತ್ತು.

ಖಯಾಲು ಗಾಯಕಿ ಗಂಗೂಬಾಯಿ ಹಾನಗಲ್ಲರ ಮೊದಲ ಪ್ಲೇಟುಗಳು 1930ರ ದಶಕದಲ್ಲಿ ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಬಂದವು. ಅವುಗಳಲ್ಲಿ ಕೇಳುವುದು ನಾವು ಬಲ್ಲ ಗಂಡು ಗಾಂಭೀರ್ಯದ ದನಿಯಲ್ಲ, ತೆಳುವಾದ ಎಳೆಯ ದನಿ. ಅದೇ ಕಾಲದಲ್ಲಿ ಮನ್ಸೂರರದೂ ಬಂದವು. ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮರಿಯನ್ನು ರಿಕಾರ್ಡಿನಲ್ಲಿ ಕೇಳಿಯೇ ಹುಚ್ಚು ಹಿಡಿದು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಅಂದರೆ ತಟ್ಟೆ ಈ ಸೀಮೆಯ ದನಿಯನ್ನು ಒಯ್ದಷ್ಟೇ ಅಲ್ಲ, ದನಿಯನ್ನು ತಂದೂ ಕೊಡುತ್ತಿತ್ತು. ಇಷ್ಟು ಸಾಕು, ಈ ಕಥೆ ಎಲ್ಲರಿಗೂ ಗೊತ್ತಿರುವುದೇ.

ಈಗ ‘ಕಿಸ್ಮತ್’ ತಟ್ಟೆಗೆ ಕಿವಿ ಕೊಡಬೇಕು. ಸಂಗೀತ ಅನಿಲ್ ಬಿಸ್ವಾಸ್, ಸಾಹಿತ್ಯ ಪ್ರದೀಪ್. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿದ ಚಿತ್ರ. ಇದರ ಕಥೆಯ ನಡುವೆಯೇ ಒಂದು ನಾಟಕಶಾಲೆ ಇದೆ, ನಾಯಕಿ ಹಿಂದೆ ಅಲ್ಲಿ ಮೆರೆದು ಈಗ ಕಾಲಿನ ಬಲ ಕಳೆದುಕೊಂಡ ಹೆಣ್ಣು. ಪರದೇಶಿಗಳನ್ನು ಆಚೆ ಹೋಗಿರೆಂದು ಗದರುವ ಪ್ರಸಿದ್ಧ ಹಾಡು ಬರುವುದು ರಂಗಶಾಲೆಯ ವೇದಿಕೆಯ ಮೇಲೆ, ಗುಂಪಿನ ದನಿಯೊಡನೆ. ಜರ್ಮನ್, ಜಪಾನಿ ಎಂಬ ಹೆಸರು ಸೇರಿಸಿ ಬ್ರಿಟಿಷ್ ಸೆನ್ಸಾರಿನ ಕಣ್ಣು ತಪ್ಪಿಸಿದ ಆ ಹಾಡಿನಲ್ಲಿ ಅಮೀರಬಾಯಿ, ಖಾನ್ ಮಸ್ತಾನ ಇಬ್ಬರೂ ಇದ್ದಾರೆ. ಮೇಳದ ಗದ್ದಲದ ಮೇಲೆ ಅಮೀರಬಾಯಿಯ ಪದಗಳು ಒಂದೊಂದೂ ಬಿಡಿಬಿಡಿಯಾಗಿ ತೇಲುತ್ತವೆ. ಎದುರಿಗೆ ಮೈಕು ಇದ್ದರೂ ಅವರು ಮೈಕಿಗೆ ಹಾಡುತ್ತಿಲ್ಲ, ಮೈಕಿನ ಹಿಂದೆ ದೂರದಲ್ಲಿರುವ ಯಾರಿಗೋ ಹಾಡುತ್ತಿದ್ದಾರೆ. ಅದೇ ಚಿತ್ರದ ದೇವರ ಮೊರೆಯ ಹಾಡನ್ನು ತೆಗೆದುಕೊಳ್ಳಿ. ಕೃಷ್ಣನ ಮುಂದೆ ದಿಕ್ಕಿಲ್ಲದವಳ ಬೇಡಿಕೆ, ಲಯ ನಿಧಾನ, ವಾದ್ಯ ಕಡಿಮೆ. ಇಂಥಲ್ಲಿ ಮುಂದಿನ ತಲೆಮಾರಿನ ಗಾಯಕಿಯಾದರೆ ದನಿಯನ್ನು ಉಸಿರಿನ ಮಟ್ಟಕ್ಕೆ ಇಳಿಸುತ್ತಾಳೆ. ಅಮೀರಬಾಯಿ ಇಳಿಸುವುದಿಲ್ಲ. ಸಾಲಿನ ಕೊನೆಯ ಅಕ್ಷರವನ್ನು ಎತ್ತಿ ಹಿಡಿದು, ಅಲ್ಲೊಂದು ಸಣ್ಣ ಕಂಪನ ಕೊಟ್ಟು ಬಿಡುತ್ತಾರೆ. ಅಳು ಇರುವುದು ಆ ಕಂಪನದಲ್ಲಿ. ದನಿ ಇಳಿಸದೆ ಅಳುವುದು ಎಂದು ಮೇಲೆ ಹೇಳಿದ್ದು ಇದನ್ನೇ.

ಇನ್ನೊಂದು ಸೂಕ್ಷ್ಮವಿದೆ. ಕಂಪನಿ ನಾಟಕದಲ್ಲಿ ಹಾಡು ಹಿಡಿಸಿದರೆ ಜನ ‘ಒನ್ಸ್ ಮೋರ್’ ಎನ್ನುತ್ತಾರೆ, ಸತ್ತುಬಿದ್ದ ಪಾತ್ರ ಎದ್ದು ಬಂದು ಮತ್ತೆ ಹಾಡುವುದೂ ಉಂಟು. ಎರಡನೆಯ ಸಲ ಹಾಡು ಮೊದಲಿನಂತೆ ಇರಬಾರದು. ಹೊಸ ತಾನ, ಹೊಸ ತಿರುವು ಬೇಕು. ತಟ್ಟೆಯಲ್ಲಿ ಒನ್ಸ್ ಮೋರ್ ಎಂದರೆ ಮುಳ್ಳನ್ನು ಎತ್ತಿ ಅಂಚಿಗಿಡುವುದು, ಹಾಡು ಅಕ್ಷರಶಃ ಅದೇ. ಹಾಗಾದರೆ ರಂಗದ ಗಾಯಕಿ ತಟ್ಟೆಯೊಳಗೆ ಬಂದಾಗ ಆ ತಿರುವುಗಳನ್ನು ಏನು ಮಾಡುತ್ತಾಳೆ? ಅಮೀರಬಾಯಿಯ ತಟ್ಟೆಗಳಲ್ಲಿ ಪಲ್ಲವಿ ಮರಳಿ ಮರಳಿ ಬರುವಾಗ ಗಮನಿಸಿದರೆ ಉತ್ತರ ಸಿಗುತ್ತದೆ. ಅವರು ಪಲ್ಲವಿಯನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವುದಿಲ್ಲ. ಒಮ್ಮೆ ಪದದ ನಡುವೆ ಒತ್ತು, ಒಮ್ಮೆ ಕೊನೆಗೆ ಎಳೆತ, ಒಮ್ಮೆ ಸಣ್ಣದೊಂದು ಮುರ್ಕಿ. ಮೂರು ನಿಮಿಷದೊಳಗೆ ನಾಲ್ಕು ಒನ್ಸ್ ಮೋರ್‌ಗಳನ್ನು ಮಡಚಿಟ್ಟಂತೆ. ಆ ಕಾಲದಲ್ಲಿ ಸಿನಿಮಾ ಹಾಡನ್ನು ತೆರೆಗೆಂದು ಒಮ್ಮೆ, ರಿಕಾರ್ಡು ಕಂಪನಿಗೆಂದು ಮತ್ತೊಮ್ಮೆ ಹಾಡುವ ರೂಢಿ ಇತ್ತು. ಎರಡನೆಯ ಸಲ ಹಾಡುವುದು ಯಾರಿಗಾದರೂ ಬೇಸರ ತಂದೀತು. ರಂಗದವರಿಗೆ ಅದು ಹಳೆಯ ಅಭ್ಯಾಸ.

ಇಷ್ಟಕ್ಕೆ ಮೊದಲ ಆಕ್ಷೇಪ ಏಳುವುದು ಸಹಜ. ಅಮೀರಬಾಯಿ ಚೊಳಚಗುಡ್ಡದ ಡೇರೆಯಲ್ಲಿ ಹಾಡಿದರೇ? ಅವರ ಹೆಸರಿನ ಜೊತೆ ಈ ಊರನ್ನು ಕಟ್ಟುವುದು ಯಾಕೆ? ಅವರು ಇಂಥ ವರ್ಷ ಇಂಥ ಡೇರೆಯಲ್ಲಿ ಹಾಡಿದರು ಎಂದು ನಾನು ಹೇಳುತ್ತಿಲ್ಲ, ನನ್ನ ವಾದಕ್ಕೆ ಅದು ಬೇಕಾಗಿಯೂ ಇಲ್ಲ. ಒಬ್ಬ ನೇಕಾರ ಯಾವ ಮನೆಯಲ್ಲಿ ಮಗ್ಗ ಕಲಿತ ಎನ್ನುವುದು ತಿಳಿಯದಿದ್ದರೂ ಟೋಪ ತೆನೆಯ ಸೆರಗು ನೋಡಿ ಇದು ಇಳಕಲ್ಲಿನ ಕೈ ಎನ್ನುತ್ತೇವಲ್ಲ, ಹಾಗೆ. ಕಂಪನಿ ನಾಟಕದ ಊರು ಒಂದು ಊರಲ್ಲ, ಅದು ಜಾತ್ರೆಗಳ ಒಂದು ಸರಪಳಿ. ಆ ಸರಪಳಿಯ ದೊಡ್ಡ ಕೊಂಡಿ ಬನಶಂಕರಿ. ಆ ಸರಪಳಿ ಏನು ಬೇಡುತ್ತಿತ್ತು ಎನ್ನುವುದನ್ನು ಇಂದಿಗೂ ಕಣ್ಣಿಂದ ನೋಡಿ, ಕಿವಿಯಿಂದ ಕೇಳಬಹುದಾದ ಜಾಗ ಇದು. ಬೀಳಗಿಯ ನಾಟಕದ ಮನೆತನವೊಂದು ಬದುಕಿದ್ದು ಆ ಬೇಡಿಕೆಯ ಮೇಲೆ. ಸಾಕ್ಷಿ ಹೆಸರಿನಲ್ಲಿಲ್ಲ, ಕೊರಳಿನಲ್ಲಿದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ರಾಗ ಕೂಡಿಸಿದವರು ಬಂಗಾಲದ ಅನಿಲ್ ಬಿಸ್ವಾಸ್, ಲಖನೌದ ನೌಶಾದ್, ಮರಾಠಿಯ ಸಿ. ರಾಮಚಂದ್ರ. ಭಾಷೆ ಹಿಂದಿ, ಗುಜರಾತಿ. ಸ್ಟುಡಿಯೋ ಮುಂಬಯಿಯದು. ಹೀಗಿರುವಾಗ ಇದರಲ್ಲಿ ಈ ಸೀಮೆಯದೇನಿದೆ? ಅದೂ ಅಲ್ಲದೆ ಜೊಹ್ರಾಬಾಯಿ ಅಂಬಾಲೆವಾಲಿ, ರಾಜಕುಮಾರಿ, ಶಂಶಾದ್ ಬೇಗಂ ಇವರೆಲ್ಲರೂ ತೆರೆದ ಕೊರಳಿನವರೇ, ಅವರಾರೂ ಬಾಗಲಕೋಟೆ ಕಡೆಯವರಲ್ಲ. ಇದು ಆ ಕಾಲದ ಒಟ್ಟು ರುಚಿ ಎನ್ನಬಾರದೇ? ಎನ್ನಬಹುದು, ಎನ್ನಲೂಬೇಕು. ಆದರೆ ಆ ಕಾಲದ ರುಚಿ ಆಕಾಶದಿಂದ ಇಳಿದದ್ದಲ್ಲ. ಮುಂಬಯಿಯ ಸಿನಿಮಾ ತನ್ನ ಮೊದಲ ದನಿಗಳನ್ನು ಎರವಲು ತಂದದ್ದು ಪಾರ್ಸಿ ರಂಗಭೂಮಿ, ಮರಾಠಿ ಸಂಗೀತ ನಾಟಕ, ಹಾಡುಗಾರ್ತಿಯರ ಮನೆ, ಮತ್ತು ನಮ್ಮ ಕಂಪನಿಗಳಿಂದ. ಬೇರೆಬೇರೆ ತೊರೆಗಳು, ಆದರೆ ಎಲ್ಲೆಡೆ ಮೈಕಿಲ್ಲದ ಜಾಗಕ್ಕಾಗಿ ಪಳಗಿದ ಕೊರಳು. ಜೊಹ್ರಾಬಾಯಿಯವರದು ದಪ್ಪ, ಕಂಚಿನಂಥ ದನಿ. ‘ರತನ್’ದಲ್ಲಿ ಇಬ್ಬರೂ ಹಾಡಿದ್ದಾರೆ, ಒಂದರ ಹಿಂದೆ ಒಂದು ಕೇಳಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ಜೊಹ್ರಾಬಾಯಿ ರಾಗದ ಕಡೆ ವಾಲುತ್ತಾರೆ. ಅಮೀರಬಾಯಿ ಮಾತಿನ ಕಡೆ. ಪಾತ್ರದ ಬಾಯಿಂದ ಬಂದ ಮಾತಾಗಿ ಹಾಡನ್ನು ಹಿಡಿಯುವ ಈ ಗುಣ ಸಂಗೀತ ನಿರ್ದೇಶಕ ಹೇಳಿಕೊಟ್ಟು ಬರುವಂಥದ್ದಲ್ಲ. ಗುಜರಾತಿಯ ‘ರಾಣಕದೇವಿ’ಯಲ್ಲಿ ತನ್ನ ಹಳ್ಳಿಗೊಮ್ಮೆ ಬಾ ಎಂದು ಕರೆಯುವ ಹಾಡು ಗುಜರಾತಿನ ಮನೆಮನೆ ಹೊಕ್ಕಿತು, ಮನೆಯಲ್ಲಿ ಕನ್ನಡ ಮಾತಾಡಿ ಬೆಳೆದವಳ ಉಚ್ಚಾರವನ್ನು ಗುಜರಾತಿಗರು ತಮ್ಮದೆಂದೇ ನಂಬಿದರು. ಊರಿಂದೂರಿಗೆ ಕನ್ನಡ, ಮರಾಠಿ, ಉರ್ದು ದಾಟುತ್ತ ಬದುಕಿದ ನಾಟಕದ ಜನಕ್ಕೆ ಇನ್ನೊಂದು ಭಾಷೆಯನ್ನು ಬಾಯಿಗೆ ತಂದುಕೊಳ್ಳುವುದೂ ಕಸುಬಿನ ಭಾಗವೇ ಆಗಿತ್ತು.

ಗಂಗೂಬಾಯಿಯವರ ಉದಾಹರಣೆಯಿಂದಲೂ ಒಂದು ತಕರಾರು ಎತ್ತಬಹುದು. ಅವರು ಬಣ್ಣ ಹಚ್ಚಲಿಲ್ಲ, ಆದರೂ ಅವರ ತಟ್ಟೆಗಳು ಬಂದವು, ಹೆಸರೂ ಬಂತು. ಹಾಗಾದರೆ ರಿಕಾರ್ಡಿಗೆ ಡೇರೆ ಬೇಕಿತ್ತು ಎನ್ನುವುದು ಹೇಗೆ? ಬೇಕೇ ಬೇಕಿತ್ತು ಎಂದು ನಾನೂ ಹೇಳುವುದಿಲ್ಲ. ಖಯಾಲು ಹಾಡುವವರಿಗೆ ತಟ್ಟೆ ಇಕ್ಕಟ್ಟಾಯಿತು. ಒಂದು ಗಂಟೆಯ ರಾಗವನ್ನು ಮೂರು ನಿಮಿಷಕ್ಕೆ ಇಳಿಸಬೇಕಾಗಿ ಬಂದು, ಅವರ ನಿಜವಾದ ಎತ್ತರ ತಟ್ಟೆಯ ಹೊರಗೇ ಉಳಿಯಿತು. ಮನ್ಸೂರರನ್ನು, ಗಂಗೂಬಾಯಿಯವರನ್ನು ನಾವು ಅಳೆಯುವುದು ಮುಂದೆ ದೀರ್ಘ ತಟ್ಟೆ ಬಂದ ಮೇಲಿನ ಧ್ವನಿಮುದ್ರಣಗಳಿಂದ, ಬೈಠಕ್ಕಿನ ನೆನಪಿನಿಂದ. ರಂಗಗೀತೆಯಲ್ಲಿ ಬೆಳೆದವರಿಗೆ ಮೂರು ನಿಮಿಷ ಇಕ್ಕಟ್ಟಲ್ಲ. ನಾಟಕದ ಪದ ಇದ್ದದ್ದೇ ಅಷ್ಟು, ಕಥೆ ಕಾಯುತ್ತಿರುತ್ತದೆ. ಬಂದ ತಕ್ಷಣ ಹಿಡಿಯಬೇಕು, ಹೇಳಬೇಕಾದ್ದನ್ನು ಹೇಳಿ ಇಳಿಯಬೇಕು. ಹಾಗಾಗಿ ಅಮೀರಬಾಯಿಯ ತಟ್ಟೆಗಳು ದೊಡ್ಡದರ ತುಣುಕಲ್ಲ, ಅವೇ ಪೂರ್ತಿ.

ಮಸುಕಾದ ಮಾತಿಗೆ ಬರೋಣ. 1949ರಲ್ಲಿ ‘ಮಹಲ್’, ‘ಬರ್ಸಾತ್’, ‘ಅಂದಾಜ್’ ಒಂದರ ಹಿಂದೊಂದು ಬಂದವು. ಲತಾ ಮಂಗೇಶಕರ್ ಒಂದೇ ವರ್ಷದಲ್ಲಿ ಹಾಡಿನ ದಿಕ್ಕು ಬದಲಿಸಿದರು. ಅವರೂ ರಂಗಭೂಮಿಯ ಮಗಳೇ, ತಂದೆ ದೀನಾನಾಥರು ನಾಟಕ ಮಂಡಳಿ ನಡೆಸಿದವರು. ಆದರೆ ಲತಾ ಅವರ ಗೆಲುವು ಇರುವುದು ಮೈಕನ್ನು ಒಂದು ಕಿವಿಯೆಂದು ತಿಳಿದು ಹಾಡಿದ್ದರಲ್ಲಿ. ಅಲ್ಲಿಯವರೆಗೆ ಗಾಯಕಿಯರು ಮೈಕನ್ನು ಬಾಗಿಲೆಂದು ತಿಳಿದು ಅದರಾಚೆಯ ಸಭೆಗೆ ಹಾಡುತ್ತಿದ್ದರು. ಕೇಳುವವನೂ ಬದಲಾಗಿದ್ದ. ಮನೆಯೊಳಗೆ ರೇಡಿಯೋ ಬಂದಿತ್ತು, ಒಬ್ಬನೇ ಕೂತು ಕೇಳುವವನು ಹುಟ್ಟಿದ್ದ, ಅವನಿಗೆ ಕಡೆಯ ಸಾಲು ಎಂಬುದೇ ಇರಲಿಲ್ಲ. ಆ ಕಿವಿಗೆ ಅಮೀರಬಾಯಿಯ ದನಿ ಸ್ವಲ್ಪ ಹೆಚ್ಚೇ ಅನಿಸಿರಬೇಕು. 1947ರ ‘ಶಹನಾಯಿ’ಯ ಹಾಡು ಕೇಳಿದರೆ ಕೊರಳು ಕುಂದಿದ ಒಂದು ಗುರುತೂ ಕಾಣುವುದಿಲ್ಲ, ಅದೇ ಚುರುಕು, ಅದೇ ಅಕ್ಷರಶುದ್ಧಿ. ಎರಡು ವರ್ಷದಲ್ಲಿ ಮುಪ್ಪಾಗುವ ದನಿ ಅದಲ್ಲ. ಲತಾ ಅವರ ಹಿರಿಮೆಯನ್ನು ತಗ್ಗಿಸಲು ಇದನ್ನು ಹೇಳುತ್ತಿಲ್ಲ. ಒಬ್ಬರ ಏಳಿಗೆಯನ್ನು ಇನ್ನೊಬ್ಬರ ಸೋಲೆಂದು ಬರೆಯುವ ಚಟದಿಂದ ಅಮೀರಬಾಯಿಯವರಿಗೆ ಆದ ಅನ್ಯಾಯ ದೊಡ್ಡದು, ಅದನ್ನು ಸರಿಪಡಿಸುವುದು ನಮ್ಮ ಕೆಲಸ.

ಇಷ್ಟೆಲ್ಲ ಆಗಿಯೂ ನನ್ನನ್ನು ನೋಯಿಸುವ ಒಂದು ಸಂಗತಿ ಇದೆ. ಅವರ ಹೆಸರಿನ ಮುಂದೆ ‘ಕರ್ನಾಟಕಿ’ ಎಂದಿತ್ತು, ಆದರೆ ಅವರ ಕೀರ್ತಿಯ ತಟ್ಟೆಗಳ ಮೇಲೆ ಕನ್ನಡ ಇರಲಿಲ್ಲ. ಅವರ ಉಚ್ಛ್ರಾಯದ ಕಾಲಕ್ಕೆ ಕನ್ನಡ ಚಿತ್ರಗಳು ವರ್ಷಕ್ಕೆ ಬೆರಳೆಣಿಕೆಯಷ್ಟು, ಅವೂ ಬಹುಪಾಲು ಮದರಾಸು, ಮೈಸೂರಿನ ಕಡೆಯವು. ಮುಂಬಯಿ ಪ್ರಾಂತ್ಯದ ಕನ್ನಡಿಗರಿಗೆ ತಮ್ಮದೆಂಬ ಸಿನಿಮಾ ಇರಲಿಲ್ಲ, ತಮ್ಮದೆಂಬ ರಾಜ್ಯವೂ ಇರಲಿಲ್ಲ. ಏಕೀಕರಣವಾದದ್ದು 1956ರಲ್ಲಿ. ನಾಡಿಗೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ, ಅವರು ತೀರಿಕೊಂಡ ಎಂಟು ವರ್ಷದ ಮೇಲೆ. ರಾಜ್ಯಕ್ಕೆ ಆ ಹೆಸರು ಸಿಗುವ ಮೂವತ್ತು ವರ್ಷ ಮೊದಲೇ ಲಾಹೋರಿನಿಂದ ಕಲ್ಕತ್ತೆಯವರೆಗೆ ಜನ ಅದನ್ನು ಉಚ್ಚರಿಸುತ್ತಿದ್ದರು, ಬೀಳಗಿಯ ಹೆಣ್ಣುಮಗಳೊಬ್ಬಳ ಹೆಸರಿನ ಬಾಲವಾಗಿ.

ಬಿಜಾಪುರದಲ್ಲಿ ಅವರ ಹೆಸರಿನ ಒಂದು ಚಿತ್ರಮಂದಿರವಿದೆ, ಅಮೀರ್ ಟಾಕೀಜ್. ನನ್ನ ವಾದದೊಳಗಿನ ಮುಳ್ಳು ಅದು, ಬದಿಗೆ ಸರಿಸುವಂತಿಲ್ಲ. ಈ ಸೀಮೆಯ ಡೇರೆಗಳಿಗೆ ಮೊದಲ ಪೆಟ್ಟು ಬಿದ್ದದ್ದು ಟಾಕೀಜುಗಳಿಂದ. ಕಂಪನಿಗಳ ನಟಿಯರು, ಪೇಟಿ ಮಾಸ್ತರರು ಅನ್ನ ಕಳೆದುಕೊಂಡದ್ದು ಅವುಗಳಿಂದ. ಡೇರೆಯ ಕೊರಳು ಡೇರೆಯ ಎದುರಾಳಿಯೊಳಗೆ ಹೋಗಿ ನೆಲೆಸಿತು. ಆದರೂ ಪುಷ್ಯ ಬಂದರೆ ಚೊಳಚಗುಡ್ಡದ ಬಯಲಿನಲ್ಲಿ ಗಳ ನೆಡುತ್ತಾರೆ, ತಗಡು ಏರಿಸುತ್ತಾರೆ. ಈಗ ಎಲ್ಲ ಡೇರೆಯಲ್ಲೂ ಮೈಕು ತೂಗುತ್ತದೆ, ನಡುವೆ ಸಿನಿಮಾ ಹಾಡಿಗೆ ಕುಣಿತವಿದೆ, ಪೇಟಿಯ ಜಾಗಕ್ಕೆ ಕ್ಯಾಶಿಯೋ ಬಂದಿದೆ. ರಾತ್ರಿಯ ಕೊನೆಯ ಆಟದಲ್ಲಿ, ತಲೆಯ ಮೇಲೆ ಮೈಕು ತೂಗುತ್ತಿದ್ದರೂ ಅದನ್ನು ಮರೆತು, ನಟಿ ಮುಖವೆತ್ತಿ ಹಿಂದಿನ ನೆಲದ ಜನರತ್ತ ನೋಡುತ್ತ ಪದದ ಕೊನೆಯ ಅಕ್ಷರವನ್ನು ಎತ್ತಿ ಹಿಡಿಯುತ್ತಾಳೆ.